ಒಂಟಿ ತಟ್ಟೆಯ ತಕ್ಕಡಿ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ವರ್ಷ ಯೋಚಿಸಿದ್ದೇನೆ. ಬರೆಯಲು ನನಗಿಂತ ಹೆಚ್ಚು ಹಕ್ಕಿರುವವರು ಇದ್ದಾರೆ. ಡಾಕ್ಟರ್ ಇದ್ದಾರೆ, ಆ ಹುಡುಗಿಯ ತಾಯಿ ಇದ್ದಾಳೆ, ಹುಡುಗಿಯೇ ಇದ್ದಾಳೆ. ನಾನು ಹಗಲು ಬಟ್ಟೆ ಅಂಗಡಿಯಲ್ಲಿ ದುಡಿದು, ಸಂಜೆ ಆರರಿಂದ ಎಂಟೂವರೆಯ ತರಗತಿಗೆ ಹೋಗಿ, ಎರಡನೆಯ ಸಲಕ್ಕೆ ಪಾಸಾಗಿ ಊರಿನ ಆಸ್ಪತ್ರೆಗೆ ಸೇರಿದ ಕಾಂಪೌಂಡರ್. ಮನಸ್ಸಿನ ಕಾಯಿಲೆಯ ಬಗ್ಗೆ ನನಗೆ ತಿಳಿದಿರುವುದು ಮದ್ದಿನ ಡಬ್ಬಿಯ ಮೇಲೆ ಅಚ್ಚಾಗಿರುವಷ್ಟೇ. ಆದರೆ ತಪ್ಪು ನಡೆದದ್ದು ನನ್ನ ಕೈಯಲ್ಲಿ. ಬೇರೆಯವರು ಹೇಳಿ ನಾನು ಕೇಳಿಸಿಕೊಳ್ಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು ಎನಿಸಿತು. ಎಲ್ಲಾದರೂ ಹೆಚ್ಚುಕಡಿಮೆಯಾಗಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ನಮ್ಮ ಊರಿನಲ್ಲಿ ಮಕ್ಕಳ ಮನಸ್ಸು ಹೇಗಿರುತ್ತದೋ ಅವರ ಸುತ್ತಲಿನ ಸಾಮಾನು ಹಾಗೆ ತೂಗುತ್ತದೆ. ಮಗು ಮುದುಡಿ ಕೂತಿದ್ದರೆ ಅದರಿಂದ ಒಂದು ಮಾರು ದೂರದೊಳಗಿನ ಕೊಡ, ಚೊಂಬು, ಚಪ್ಪಲಿ ಎಲ್ಲವೂ ಭಾರ. ಮಗು ಕುಣಿಯುತ್ತಿದ್ದರೆ ಎಲ್ಲವೂ ಹಗುರ. ಒಂದು ಮಾರು ದಾಟಿದರೆ ಏನೂ ಇಲ್ಲ. ನಾವು ಇದಕ್ಕೆ ತಕ್ಕ ಹಾಗೆ ಬದುಕುತ್ತೇವೆ. ಮೂಟೆ ಇಳಿಸುವ ಹಮಾಲರು ಮನೆಯಿಂದ ನಗುವ ಕೂಸೊಂದನ್ನು ಎತ್ತಿಕೊಂಡು ಬಂದು, ಲಾರಿಯ ಪಕ್ಕ ಕೂರಿಸಿ, ಕೈಗೆ ಬೆಲ್ಲ ಕೊಡುತ್ತಾರೆ. ದಿಬ್ಬ ಹತ್ತುವಾಗ ಬಸ್ಸು ಏದುಸಿರು ಬಿಟ್ಟರೆ ಕಂಡಕ್ಟರ್ ಹಿಂದಕ್ಕೆ ತಿರುಗಿ "ಯಾರ್ರೀ ಅದು ಮಗೀನ ಬೈದೋರು? ಸಮಾಧಾನ ಮಾಡ್ರೀ, ಗಾಡಿ ನಿಂತೋಯ್ತದೆ" ಎಂದು ಕೂಗುತ್ತಾನೆ. ಚಟ್ಟ ಹೊರುವಾಗ ಮೊಮ್ಮಕ್ಕಳನ್ನು ಒಂದು ಮಾರಿಗೂ ಹೆಚ್ಚು ಹಿಂದೆ ನಡೆಸಿಕೊಂಡು ಬರುತ್ತೇವೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಶಾಲೆಯ ಬೆಂಚು ಸರಿಸಲು ಯಾರೂ ಹೋಗುವುದಿಲ್ಲ. ಸಂತೆಯಲ್ಲಿ ಎರಡು ತಟ್ಟೆಯ ತಕ್ಕಡಿಯೇ ಆಗಬೇಕು. ಮಗುವನ್ನು ಕರೆತಂದವರು ಅದನ್ನು ತಕ್ಕಡಿಯ ನಡುಮುಳ್ಳಿನ ನೇರಕ್ಕೆ ನಿಲ್ಲಿಸಬೇಕು. ಆಗ ತೂಕದ ಬಟ್ಟಿನ ತಟ್ಟೆಯೂ ಬದನೆಕಾಯಿಯ ತಟ್ಟೆಯೂ ಒಂದೇ ಸಮ ಏರುತ್ತವೆ, ಒಂದೇ ಸಮ ಇಳಿಯುತ್ತವೆ. ಯಾರಿಗೂ ಮೋಸವಿಲ್ಲ.

ಇನ್ನೊಂದು ರೂಢಿಯನ್ನೂ ಹೇಳಬೇಕು. ಮಕ್ಕಳ ಮದ್ದನ್ನು ಅವರ ಕಣ್ಣೆದುರಿಗೇ ತೂಗಬೇಕು. ಕಾಣದ ಮದ್ದು ಮೈಗೆ ಹತ್ತದು ಎನ್ನುವುದು ನಮ್ಮವರ ನಂಬಿಕೆ. ಆಸ್ಪತ್ರೆಗೆ ಬರುವ ಮಾತ್ರೆಗಳು ದೊಡ್ಡವರ ಅಳತೆಯವು. ಮಕ್ಕಳಿಗಾದರೆ ಅವನ್ನು ಕಲ್ಬತ್ತಿನಲ್ಲಿ ಅರೆದು, ಡಾಕ್ಟರ್ ಬರೆದಷ್ಟು ತೂಗಿ, ಪೊಟ್ಟಣ ಕಟ್ಟಿಕೊಡುವುದು ನನ್ನ ಕೆಲಸ. ಮಗು ಮದ್ದು ಕೊಡುವ ಕಟ್ಟೆಯ ಪಕ್ಕ ಬಂದು ನಿಲ್ಲುತ್ತದೆ, ನಾನು ತೂಗುತ್ತೇನೆ, ಅದು ನೋಡುತ್ತದೆ. ಹನ್ನೊಂದು ವರ್ಷ ಹಾಗೆ ಹಿತ್ತಾಳೆಯ ತಕ್ಕಡಿಯಲ್ಲಿ ತೂಗಿದ್ದೆ. ಮಗು ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ಕೆಂಪು ಬಣ್ಣದ ಗುರುತೂ ಇತ್ತು.

ಆಮೇಲೆ ಹೊಸ ತಕ್ಕಡಿ ಬಂತು. ಒಂದೇ ತಟ್ಟೆಯದು, ಗಾಜಿನ ಮುಚ್ಚಳದ್ದು, ಕೆಂಪು ಅಂಕಿಗಳಲ್ಲಿ ತೂಕ ತೋರಿಸುವಂಥದ್ದು. ಹೊರಗಿನಿಂದ ಬಂದು ಅದನ್ನು ಕೂರಿಸಿದವನು "ಮೇಡಂ, ಉಸಿರು ಬಿಟ್ರೂ ತೋರ್ಸತ್ತೆ, ಅಷ್ಟು ಸೂಕ್ಷ್ಮ" ಎಂದ. ಸಂಜೆ ತರಗತಿಯಲ್ಲಿ ಇಂಥ ತಕ್ಕಡಿಯ ಚಿತ್ರವನ್ನು ಮಾತ್ರ ಬರೆದಿದ್ದ ನನಗೆ ಅದು ನನ್ನ ಕಟ್ಟೆಗೇ ಬಂದದ್ದು ಹಬ್ಬದ ಹಾಗಿತ್ತು. ವಿದ್ಯುತ್ತಿನ ಪ್ಲಗ್ಗು ಎಡಗಡೆ ಇದ್ದುದರಿಂದ ತಕ್ಕಡಿಯೂ ಎಡಗಡೆಗೆ ಹೋಯಿತು, ಮಕ್ಕಳು ನಿಲ್ಲುವುದೂ ಅದರ ಮಗ್ಗುಲಿಗಾಯಿತು. ಹಿತ್ತಾಳೆಯ ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿ ಉಗ್ರಾಣದಲ್ಲಿಟ್ಟೆ. ನಾನು ಅಜಾಗರೂಕಳಲ್ಲ. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡಿ, ಬೀದಿಯ ತುದಿಯಿಂದ ಮತ್ತೆ ಬಂದು ನೋಡುವವಳು. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹತ್ತು ಗ್ರಾಮಿನ ಬಟ್ಟನ್ನು ಹೊಸ ತಕ್ಕಡಿಯ ಮೇಲಿಟ್ಟು ನೋಡುತ್ತಿದ್ದೆ. ದಿನಾ ಸರಿಯಾಗಿ ಹತ್ತೇ ತೋರಿಸುತ್ತಿತ್ತು. ಅಷ್ಟು ಬೆಳಿಗ್ಗೆ ಅಲ್ಲಿ ಯಾವ ಮಗುವೂ ಇರುತ್ತಿರಲಿಲ್ಲ.

ಸುಗುಣಳಿಗೆ ಆಗ ಒಂಬತ್ತು ವರ್ಷ. ಅವಳ ತಾಯಿ ಜವರಮ್ಮ ಪೋಸ್ಟಾಫೀಸಿನ ಎದುರು ಹೊಂಗೆ ಮರದ ಕೆಳಗೆ ತಳ್ಳುಗಾಡಿ ಇಟ್ಟುಕೊಂಡು ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಇದ್ದಿಲು ತುಂಬುವ ಪೆಟ್ಟಿಗೆ. ಶಾಲೆ ಬಿಟ್ಟ ಮೇಲೆ ಸುಗುಣ ಗಾಡಿಯ ಪಕ್ಕದಲ್ಲೇ ಇರುತ್ತಿದ್ದಳು. ಬೇರೆ ಮಕ್ಕಳಿಗೆ ಬೇಸರ ಬಂದರೆ ಹತ್ತು ನಿಮಿಷ ಚೊಂಬು ಭಾರವಾಗಿ ಮತ್ತೆ ಸರಿಹೋಗುತ್ತದೆ. ಸುಗುಣಳಿಗೆ ಬಂದರೆ ವಾರಗಟ್ಟಲೆ. ಮನಸ್ಸು ಏರಿದ ವಾರದಲ್ಲಿ ಅವಳಿಗೆ ನಿದ್ದೆಯಿಲ್ಲ, ಒಂದು ಮಾತು ಮುಗಿಯುವ ಮುಂಚೆ ಇನ್ನೊಂದು ಮಾತು, ಓಡಿದರೆ ಓಟ, ಹತ್ತಿದರೆ ನೀರಿನ ಟ್ಯಾಂಕಿನ ತುದಿ. ಆಗ ಪೆಟ್ಟಿಗೆ ಎಷ್ಟು ಹಗುರಾಗುತ್ತಿತ್ತೆಂದರೆ ಜವರಮ್ಮ ನಾಲ್ಕು ಸಲ ಎಳೆದರೂ ಅಂಗಿಯ ಸುಕ್ಕು ಹೋಗುತ್ತಿರಲಿಲ್ಲ. ಇಳಿದ ವಾರದಲ್ಲಿ ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮರದ ಬುಡಕ್ಕೆ ಮುಖ ಮಾಡಿ ಮಲಗುತ್ತಿದ್ದಳು. ಆಗ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ ಎತ್ತಿ ಜವರಮ್ಮನ ಮಣಿಕಟ್ಟು ಊದಿಕೊಳ್ಳುತ್ತಿತ್ತು. ದೂರ ಹೋಗಿ ಮಲಗು ಎಂದು ಒಂದು ದಿನವೂ ಅವಳು ಅಂದದ್ದನ್ನು ನಾನು ಕೇಳಿಲ್ಲ.

ಊರಿನವರು ಆಡಿಕೊಳ್ಳುತ್ತಿದ್ದರು. ಗಾರೆ ಕೆಲಸದ ಮೇಸ್ತ್ರಿಯೊಬ್ಬ ಬಟ್ಟೆ ತೆಗೆದುಕೊಳ್ಳಲು ಬಂದವನು, "ಜವರಮ್ಮ, ನಿನ್ ಮಗಳ್ನ ನಮ್ ಕೆಲ್ಸುಕ್ ಕಳ್ಸು ಮಾರಾಯ್ತಿ, ಸಿಮೆಂಟ್ ಮೂಟೆ ಹೂವಾಯ್ತವೆ" ಎಂದ. ಜವರಮ್ಮ ತಲೆ ಎತ್ತದೆ, "ಇಳ್ದಾಗ್ಲೂ ಕಳ್ಸ್ತೀನಿ ಕಣಣ್ಣ. ನಿನ್ ಸಾರ್ವೆ ಮರದ್ ಮೇಲೆ ಕೂರ್ಸ್ಕೊ" ಎಂದಳು. ಮೇಸ್ತ್ರಿ ಅಂಗಿ ತೆಗೆದುಕೊಂಡು ಹೋದ.

ಆಡಿಕೊಳ್ಳುವುದು ಒಂದು ದಿನ ನಿಂತಿತು. ಏರಿದ ವಾರದಲ್ಲಿ ಸುಗುಣ ತರಗತಿಯಲ್ಲಿ ಯಾವುದೋ ಸಿಟ್ಟಿಗೆ ಬೆಂಚನ್ನು ಒದ್ದಳು. ಬೆಂಚು ಒಣಗಿದ ಎಲೆಯಂತೆ ಹಾರಿ ಮುಂದಿನ ಹುಡುಗಿಯ ಬಾಯಿಗೆ ಬಡಿದು ಎರಡು ಹಲ್ಲು ಮುರಿಯಿತು. ಮುಖ್ಯೋಪಾಧ್ಯಾಯಿನಿ ಜವರಮ್ಮನನ್ನು ಕರೆಸಿ, ಮದ್ದು ಕೊಡಿಸಿ, ಇಲ್ಲವಾದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಹಾಗೆ ತಾಯಿ ಮಗಳು ಡಾಕ್ಟರ್ ಸಬೀಹಾ ಅವರ ಹತ್ತಿರ ಬಂದರು.

ಡಾಕ್ಟರ್ ಸಬೀಹಾ ಮಕ್ಕಳ ಮನಸ್ಸಿನ ಡಾಕ್ಟರ್. ಹದಿನೈದು ದಿನಕ್ಕೊಮ್ಮೆ, ಗುರುವಾರ, ಹೊರಗಿನಿಂದ ನಮ್ಮ ಆಸ್ಪತ್ರೆಗೆ ಬರುತ್ತಾರೆ. ಬಂದ ಹೊಸದರಲ್ಲಿ ಮಕ್ಕಳು ಕೋಣೆಗೆ ಬಂದಾಗ ತಮ್ಮ ಕೈಚೀಲ ಭಾರವಾಗುವುದನ್ನು ಕಂಡು ಗಾಬರಿಯಾಗಿದ್ದರು. ಆಮೇಲೆ ಅದನ್ನೇ ಪರೀಕ್ಷೆ ಮಾಡಿಕೊಂಡರು. ಮಗು ಒಳಗೆ ಬಂದು ಕೂತ ಮೇಲೆ, ಮಾತಾಡುತ್ತಾ ಆಡುತ್ತಾ, ಮೇಜಿನ ಮೇಲಿನ ಗಾಜಿನ ಗುಂಡನ್ನು ಎತ್ತಿ ಇಡುತ್ತಾರೆ. ಅಷ್ಟರಲ್ಲಿ ಅವರಿಗೆ ಅರ್ಧ ತಿಳಿದಿರುತ್ತದೆ.

ಅವತ್ತು ಪೊಟ್ಟಣದ ಲೆಕ್ಕ ಕೇಳಲು ಹೋಗಿದ್ದ ನಾನು ಬಾಗಿಲ ಬಳಿ ನಿಂತಿದ್ದೆ. "ಇದು ನಿಮ್ಮ ತಪ್ಪಲ್ಲ ಜವರಮ್ಮ, ಅವಳ ಹಟವೂ ಅಲ್ಲ" ಎಂದು ಡಾಕ್ಟರ್ ಹೇಳುತ್ತಿದ್ದರು. "ಸಣ್ಣ ಅಳತೆಯಲ್ಲಿ ಶುರು ಮಾಡೋಣ."

"ತಲೆ ಮದ್ದು ಅಂತಾರಲ್ಲವ್ವ. ಕುಡುದ್ರೆ ಕೂಸು ಮಂಕಾಯ್ತದಂತೆ."

"ಮಂಕಾದ್ರೆ ಅಳತೆ ಜಾಸ್ತಿ ಆಗಿದೆ ಅಂತ ಅರ್ಥ. ನನಗೆ ಮಂಕಾದ ಮಗು ಬೇಡ. ತಕ್ಷಣ ಬಂದು ಹೇಳಿ, ಕಡಿಮೆ ಮಾಡ್ತೀನಿ."

ಸುಗುಣ ಅವತ್ತು ಇಳಿದಿದ್ದಳು. ನೆಲ ನೋಡುತ್ತಲೇ ಕೇಳಿದಳು, "ಮದ್ದು ತಿಂದ್ರೆ ಅವ್ವನ್ ಪೆಟ್ಗೆ ಸರಿ ಹೋಯ್ತದಾ?"

ಡಾಕ್ಟರ್ ಗಾಜಿನ ಗುಂಡಿನ ಮೇಲಿಂದ ಕೈ ತೆಗೆದರು. "ಪೆಟ್ಟಿಗೆ ಆಮೇಲೆ. ಮೊದಲು ನಿನಗೆ ಸರಿಹೋಗಬೇಕು" ಎಂದರು. ಸುಗುಣಳಿಗೆ ಆ ಉತ್ತರ ಸಾಕಾದಂತೆ ಕಾಣಲಿಲ್ಲ.

ಅಲ್ಲಿಂದ ಐದು ತಿಂಗಳು ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಸುಗುಣ ಹದಿನೈದು ದಿನ ಮಂಕಾಗಿ ಬಿದ್ದಿರುತ್ತಿದ್ದಳು, ಮುಂದಿನ ಹದಿನೈದು ದಿನ ಊರು ತಲೆಕೆಳಗು ಮಾಡುತ್ತಿದ್ದಳು, ಮತ್ತೆ ಮಂಕು, ಮತ್ತೆ ಏರು. ಮೊದಲಾದರೂ ಏರು ಇಳಿತಗಳ ನಡುವೆ ಒಂದಷ್ಟು ಒಳ್ಳೆಯ ದಿನಗಳಿದ್ದವು. ಈಗ ಅವೂ ಇಲ್ಲ. ಡಾಕ್ಟರ್ ತಲೆ ಕೆಡಿಸಿಕೊಂಡರು. ಜವರಮ್ಮ ಪೊಟ್ಟಣ ತಪ್ಪಿಸುತ್ತಿದ್ದಾಳೋ ಎಂದು ಕೇಳಿದರು. ಅವಳು ಖಾಲಿ ಕಾಗದಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಸುರಿದಳು. ಡಾಕ್ಟರ್ ನನ್ನನ್ನು ಕರೆದು, "ತೊಳಸಮ್ಮ, ತೂಕ ಸರಿಯಾಗಿದೆ ತಾನೆ?" ಎಂದು ಕೇಳಿದರು. "ದಿನಾ ನೋಡ್ತೀನಿ ಮೇಡಂ" ಎಂದೆ. ಸುಳ್ಳು ಹೇಳಲಿಲ್ಲ. ಆದರೂ ಆ ಮಾತನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹತ್ತನೆಯ ಗುರುವಾರ ಡಾಕ್ಟರ್ ಕಾಗದ ತೆಗೆದುಕೊಂಡು ಕೂತರು. ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ ಎರಡು ತಿಂಗಳು ಸೇರಿಸಬೇಕು, ಹಾಸಿಗೆ ಸಿಗುವವರೆಗೆ ಮದ್ದನ್ನು ಒಂದೂವರೆ ಪಟ್ಟು ಏರಿಸಬೇಕು ಎಂದರು. ಜವರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಮ್ಮ ಊರಿನ ಎಲ್ಲೆ ದಾಟಿದರೆ ಈ ಭಾರ ಹಗುರದ ಸಂಗತಿ ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಇಲ್ಲಾದ್ರೆ ನಾನು ಚೊಂಬು ಎತ್ತಿ ನೋಡಿ ಇವಳ ಸಂಕ್ಟ ತಿಳ್ಕೊತೀನಿ. ಅಲ್ಲಿ ಯಾರ್ಗ್ ಕಾಣ್ತದವ್ವ? ಇವಳು ಬಾಯ್ ಬಿಟ್ ಹೇಳೋ ಪೈಕಿ ಅಲ್ಲ" ಎಂದಳು. ಡಾಕ್ಟರಿಗೂ ಅದು ಗೊತ್ತಿತ್ತು. ಬೇರೆ ದಾರಿ ಕಾಣುತ್ತಿಲ್ಲ ಎಂದು ಬರೆಯಲು ಶುರುಮಾಡಿದರು. ನಾನು ಹೊಸ ಅಳತೆಯ ಚೀಟಿ ತೆಗೆದುಕೊಂಡು, ಸುಗುಣಳನ್ನು ಕರೆದುಕೊಂಡು, ಕಟ್ಟೆಗೆ ಬಂದೆ.

ಅವತ್ತು ಅವಳು ಏರಿದ್ದಳು. ತನ್ನನ್ನು ಎಲ್ಲಿಗೆ ಕಳುಹಿಸುತ್ತಾರೆ ಎನ್ನುವುದನ್ನೇ ಒಂದು ಜಾತ್ರೆ ಮಾಡಿಕೊಂಡಿದ್ದಳು. "ಮದ್ದಿನತ್ತೆ, ಪಟ್ಟಣ್ದಲ್ಲಿ ಮೇಲಕ್ ಹೋಗೋ ಪೆಟ್ಗೆ ಅದೆಯಂತೆ, ಕೂತ್ಕಂಡ್ರೆ ಹತ್ತನೇ ಮಾಳಿಗೆಗೆ ಹೋಯ್ತದಂತೆ, ನಾನು ಹದಿನೈದುಕ್ ಹೋಯ್ತೀನಿ, ನಿಮ್ಗೆ ಅಲ್ಲಿಂದ ಕೈ ಬೀಸ್ತೀನಿ, ಅತ್ತೆ, ನಿಮ್ ಜಡೆ ಯಾಕ್ ಇಷ್ಟ್ ಸಣ್ಣ?" ಅವಳು ಹಾಗೆ ಮಾತಾಡುತ್ತಿರಲು ನಾನು ಪುಡಿ ಅರೆದು, ತಟ್ಟೆಯ ಮೇಲೆ ಕಾಗದ ಇಟ್ಟು, ಚಮಚದಲ್ಲಿ ಹಾಕತೊಡಗಿದೆ.

ಎದುರಿನ ಬೆಂಚಿನ ಮೇಲೆ ಸಿದ್ದಾಜಮ್ಮ ಕೂತಿದ್ದಳು. ಸಂತೆಯಲ್ಲಿ ಮೂವತ್ತು ವರ್ಷದಿಂದ ತರಕಾರಿ ಮಾರುವವಳು. ರಕ್ತದೊತ್ತಡದ ಮಾತ್ರೆಗೆ ಬಂದಿದ್ದಳು. ಎಲೆ ಅಡಿಕೆ ಅಗಿಯುತ್ತಾ ನನ್ನನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ನಕ್ಕಳು.

"ಏನವ್ವ ತೊಳಸಿ, ಮಗೀನ ಮಗ್ಗುಲಲ್ ನಿಲ್ಸ್ಕಂಡು ಒಂಟಿ ತಟ್ಟೇಲಿ ತೂಗ್ತೀಯಲ್ಲ. ನಾನೇನಾರ ಹಿಂಗೆ ಬೀನ್ಸು ತೂಗಿದ್ರೆ ಜನ ನನ್ ಜುಟ್ಟು ಕಿತ್ತು ಕೈಗ್ ಕೊಡೋರು."

"ಇದು ಆ ಥರದ್ದಲ್ಲ ಸಿದ್ದಾಜಮ್ಮ. ಕರೆಂಟಿಂದು. ಅಂಕಿ ತೋರ್ಸ್ತದೆ."

"ಅಂಕಿ ತೋರ್ಸ್ಲಿ, ಸಿನಿಮಾ ತೋರ್ಸ್ಲಿ. ತಟ್ಟೆ ಮೇಲೆ ಪುಡಿ ಕೂತದೋ ಇಲ್ವೋ? ಕೂತಿರೋ ಪುಡಿಗೆ ಭಾರ ಅದೋ ಇಲ್ವೋ?"

ನಾನು ಚಮಚವನ್ನು ಕೆಳಗಿಟ್ಟೆ. ಊರಿನಲ್ಲಿ ಮೂರು ವರ್ಷದ ಕೂಸಿಗೂ ಗೊತ್ತಿರುವ ಸಂಗತಿ. ಕೆಂಪು ಅಂಕಿಗೆ ಭಾರವೆಲ್ಲಿಂದ ಎಂದು ನಾನು ಅಂದುಕೊಂಡಿದ್ದೆ. ಅಂದುಕೊಂಡೂ ಇರಲಿಲ್ಲ, ಯೋಚನೆಯೇ ಬಂದಿರಲಿಲ್ಲ. ಸಂಜೆ ತರಗತಿಯ ಮೇಷ್ಟರು ಹೊರಗಿನವರು. ಅವರ ಪುಸ್ತಕದಲ್ಲಿ ತಕ್ಕಡಿಯ ಮೇಲೆ ಗಾಳಿ ಬೀಸಬಾರದು, ಬಿಸಿಲು ಬೀಳಬಾರದು, ತೇವ ಇರಬಾರದು ಎಂದಿತ್ತು. ಮಗು ಇರಬಾರದು ಎಂದಿರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿದರೆ ಹಳ್ಳಿಯವಳು ಎಂದಾರು ಎನ್ನುವ ಭಯ ನನಗೆ ಮೊದಲಿನಿಂದಲೂ ಇತ್ತು. ಆ ಭಯವೇ ನನಗೆ ಗೊತ್ತಿದ್ದುದನ್ನು ಮುಚ್ಚಿಹಾಕಿರಬೇಕು.

ಪುಡಿಯ ಕಾಗದ ತೆಗೆದಿಟ್ಟೆ. ಕಪಾಟಿನಿಂದ ಹತ್ತು ಗ್ರಾಮಿನ ಬಟ್ಟು ತಂದು ತಟ್ಟೆಯ ಮೇಲಿಟ್ಟೆ. ಸುಗುಣ ಪಕ್ಕದಲ್ಲಿ ಪಟಪಟ ಮಾತಾಡುತ್ತಲೇ ಇದ್ದಳು. ಅಂಕಿ ಆರರ ಹತ್ತಿರ ನಿಂತಿತು.

"ಸುಗುಣ, ಒಂದ್ ಸಲ ಬಾಗ್ಲ್ ಹತ್ರ ಹೋಗಿ ನಿಂತ್ಕೊ."

ಅವಳು ಕುಪ್ಪಳಿಸುತ್ತಾ ಹೋದಳು. ಅಂಕಿ ಹತ್ತಾಯಿತು. ಕರೆದೆ, ಬಂದಳು, ಮತ್ತೆ ಆರು. ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಅವಳು ಏರಿ ಬಂದ ದಿನ ಪುಡಿ ಹಗುರ, ಅಂಕಿ ತುಂಬಲಿ ಎಂದು ನಾನು ಹೆಚ್ಚು ಹಾಕಿದ್ದೆ. ಹೆಚ್ಚು ತಿಂದು ಅವಳು ಹದಿನೈದು ದಿನ ಮಂಕಾಗಿದ್ದಳು. ಮಂಕಾಗಿ ಬಂದ ದಿನ ಪುಡಿ ಭಾರ, ಅಂಕಿ ಬೇಗ ತುಂಬಿತ್ತು, ನಾನು ಕಡಿಮೆ ಹಾಕಿದ್ದೆ. ಕಡಿಮೆ ತಿಂದು ಅವಳು ಏರಿದ್ದಳು. ಐದು ತಿಂಗಳು ಆ ಮಗುವನ್ನು ಏರಿಸಿ ಇಳಿಸಿದ್ದು ಅರ್ಧಕ್ಕರ್ಧ ನನ್ನ ಚಮಚ. ಇವತ್ತು ಬರೆದದ್ದು ಒಂದೂವರೆ ಪಟ್ಟು. ಅವಳು ಏರಿರುವಾಗ ಈ ತಟ್ಟೆಯಲ್ಲಿ ತೂಗಿದ್ದರೆ ಎರಡೂವರೆ ಪಟ್ಟು ಆಗುತ್ತಿತ್ತು.

ಸುಗುಣ ಮಾತು ನಿಲ್ಲಿಸಿದ್ದಳು. ಹುಡುಗಿ ಚುರುಕು. ಬಟ್ಟನ್ನು ನೋಡಿದಳು, ಅಂಕಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು. "ಅದು ನನ್ನಿಂದಾನಾ ಅತ್ತೆ?" ಎಂದಳು. ಅಂಕಿ ಆರರಿಂದ ಏಳಾಯಿತು. "ಮದ್ದು ಕೆಟ್ಟಿದ್ದೂ ನನ್ನಿಂದಾನಾ?" ಎಂಟಾಯಿತು, ಒಂಬತ್ತಾಯಿತು. ಯಾರೂ ಮುಟ್ಟದ ಬಟ್ಟು ನನ್ನ ಕಣ್ಣೆದುರಿಗೆ ಹತ್ತು ದಾಟಿ ಹನ್ನೊಂದಕ್ಕೆ ಹೋಗುತ್ತಿತ್ತು. ಸಿದ್ದಾಜಮ್ಮ ಅಗಿಯುವುದನ್ನು ನಿಲ್ಲಿಸಿದಳು.

ನಾನು ತಕ್ಕಡಿಯ ಪ್ಲಗ್ಗು ಕಿತ್ತೆ. ಅಂಕಿ ಆರಿಹೋಯಿತು. ಮಂಡಿಯೂರಿ ಅವಳ ಎದುರು ಕೂತು ಹೇಳಿದೆ, "ನಿನ್ನಿಂದಲ್ಲ. ತಕ್ಕಡಿ ಇಡಬಾರದ ಕಡೆ ಇಟ್ಟೋಳು ನಾನು. ನಿನ್ನ ಅಲ್ಲಿ ನಿಲ್ಸಿದ್ದೂ ನಾನು. ಈಗ ಡಾಕ್ಟರ್ ಹತ್ರ ಹೋಗಿ ಅದನ್ನೇ ಹೇಳ್ತೀನಿ. ನೀನು ಜೊತೇಲಿ ಬರ್ತೀಯಾ?" ಅವಳು ನನ್ನ ಕೈ ಹಿಡಿದುಕೊಂಡಳು. ನನ್ನ ಕೈಬಳೆಗಳು ಕಲ್ಲಿನಂತೆ ಭಾರವಾಗಿದ್ದವು.

ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಬೀಗವನ್ನು ಮೂರು ಸಲ ಎಳೆದು ನೋಡುವ ನನಗೆ ಅವತ್ತು ಒಂದು ಸಂಗತಿಯಲ್ಲಿ ಅನುಮಾನವಿರಲಿಲ್ಲ. ಆ ಕಾಗದ ಟಪಾಲಿಗೆ ಹೋಗಬಾರದು. ಡಾಕ್ಟರ್ ಸಹಿ ಮಾಡುತ್ತಿದ್ದರು. ನಾನು ನಿಂತ ಕಾಲಿನಲ್ಲಿ ಎಲ್ಲವನ್ನೂ ಹೇಳಿದೆ. ಚೀಟಿಯ ಹಿಂದಿನ ಲೆಕ್ಕ ತೋರಿಸಿದೆ. ಅವರು ಬೈಯಲಿಲ್ಲ. ಚೀಟಿಯ ಲೆಕ್ಕವನ್ನು ತಾವೂ ಒಮ್ಮೆ ಹಾಕಿ ನೋಡಿ, ಪೆನ್ನಿನ ಮುಚ್ಚಳ ಹಾಕಿದರು.

"ಯಾವ ಹದಿನೈದು ದಿನ ಎಷ್ಟು ಹೋಗಿದೆ ಅಂತ ಹೇಳಕ್ಕಾಗತ್ತಾ?"

"ಇಲ್ಲ ಮೇಡಂ. ಆಯಾ ದಿನ ಅವಳು ಎಷ್ಟು ಏರಿದ್ಲು ಎಷ್ಟು ಇಳಿದಿದ್ಲು ಅಂತ ಯಾರೂ ಬರೆದಿಟ್ಟಿಲ್ಲ."

"ನಾನೂ ಬರೆದಿಟ್ಟಿಲ್ಲ" ಎಂದರು. "ಪ್ರತಿ ಸಲ ಈ ಗುಂಡು ಎತ್ತಿ ನೋಡಿದೀನಿ. ನಿಮ್ಮ ಕಟ್ಟೆ ಮೇಲೆ ಏನಾಗತ್ತೆ ಅಂತ ನನಗೂ ಹೊಳೀಲಿಲ್ಲ." ಕಾಗದವನ್ನು ನಾಲ್ಕಾಗಿ ಹರಿದರು.

ಜವರಮ್ಮ ಬೈದಳು. ಬೈಯಬೇಕಾದ್ದೇ. "ಐದ್ ತಿಂಗ್ಳು ನನ್ ಕೂಸು ಹಂಗ್ ಬಿದ್ದಿತ್ತಲ್ಲ ತೊಳಸಕ್ಕ, ನಾನು ದಿನಾ ನಿನ್ ಕೈ ಪೊಟ್ಣಾನ ದೇವ್ರ ಪ್ರಸಾದ ಅಂತ ಕಣ್ಗೊತ್ತ್ಕಂಡು ಕೊಟ್ನಲ್ಲ. ಓದ್ದೋಳು ಅಂತ ನಂಬಿದ್ನಲ್ಲ" ಎಂದಳು. ಅವಳು ಡಾಕ್ಟರ್ ಕಡೆ ತಿರುಗಿ, "ಸಾಕವ್ವ. ಇನ್ ಮದ್ದೇ ಬ್ಯಾಡ. ಹೆಂಗಿದ್ಲೋ ಹಂಗೇ ಸಾಕ್ಕೊತೀನಿ" ಎಂದಳು.

"ಒಮ್ಮೆಲೇ ನಿಲ್ಲಿಸೋ ಹಾಗಿಲ್ಲ ಜವರಮ್ಮ. ಇನ್ನೂ ಕೆಟ್ಟದಾಗಬಹುದು" ಎಂದರು ಡಾಕ್ಟರ್. "ಒಂದು ಮಾತು ಕೇಳಿ. ಮೊದಲ ದಿನ ನಾನು ಬರೆದ ಅಳತೆಯನ್ನ ಈ ಮಗು ಇವತ್ತಿನವರೆಗೆ ಒಂದು ದಿನವೂ ಸರಿಯಾಗಿ ತಿಂದಿಲ್ಲ. ಆ ಮದ್ದು ಒಳ್ಳೇದೋ ಕೆಟ್ಟದ್ದೋ ನಮಗೆ ಇನ್ನೂ ಗೊತ್ತೇ ಇಲ್ಲ. ಮೂರು ತಿಂಗಳು ಸರಿಯಾಗಿ ಕೊಟ್ಟು ನೋಡೋಣ. ಆಗಲೂ ಆಗಲಿಲ್ಲ ಅಂದ್ರೆ ನಿಧಾನವಾಗಿ ನಾನೇ ನಿಲ್ಲಿಸ್ತೀನಿ."

ಜವರಮ್ಮ ಒಪ್ಪಲಿಲ್ಲ. ಕೋಣೆಯೊಳಗಿನ ಕುರ್ಚಿ, ಮೇಜು, ಗಾಜಿನ ಗುಂಡು ಎಲ್ಲವೂ ನೆಲಕ್ಕೆ ಒತ್ತಿಕೊಂಡಂತಿದ್ದವು. ಆಗ ಸುಗುಣ ತಾಯಿಯ ಸೆರಗು ಎಳೆದಳು. "ಅವ್ವ, ಒಂದ್ ಸಲ ನೆಟ್ಟುಗ್ ತೂಗ್ಲಿ. ನಂಗೂ ಗೊತ್ತಾಗ್ಬೇಕು, ನಾನ್ ಯಾರು ಮದ್ದು ಯಾರು ಅಂತ."

ಒಂಬತ್ತು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಬಂದಾಗ ಡಾಕ್ಟರ್ ತಲೆ ತಗ್ಗಿಸಿ ಚೀಟಿಯಲ್ಲಿ ಅದನ್ನು ಬರೆದುಕೊಂಡರು. ಜವರಮ್ಮ ಮೂಗು ಒರೆಸಿಕೊಂಡು, "ನೆಟ್ಟುಗ್ ತೂಗು. ನಾನೂ ನಿಂತ್ ನೋಡ್ತೀನಿ" ಎಂದಳು ನನಗೆ.

ಹಿತ್ತಾಳೆಯ ತಕ್ಕಡಿ ಉಗ್ರಾಣದಿಂದ ಹೊರಗೆ ಬಂತು. ಸಿದ್ದಾಜಮ್ಮ ಕರೆಯದೆಯೇ ಎದ್ದು ಬಂದು, ಸೆರಗಿನಿಂದ ತಟ್ಟೆಗಳನ್ನು ಉಜ್ಜಿ, ಮುಳ್ಳು ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, "ಹೂಂ, ಇದು ತಕ್ಕಡಿ" ಎಂದಳು. ಸುಗುಣಳನ್ನು ನಡುಮುಳ್ಳಿನ ನೇರಕ್ಕೆ ನಿಲ್ಲಿಸಿದೆವು. ಬಟ್ಟುಗಳನ್ನು ಅವಳ ಕೈಯಲ್ಲೇ ಇಡಿಸಿದೆ. ಪುಟ್ಟ ಚಿಮಟದಲ್ಲಿ ಉಸಿರು ಹಿಡಿದು ಒಂದೊಂದನ್ನೇ ಇಟ್ಟಳು. ಅವಳು ಕುಗ್ಗಿದ್ದಳು, ಬಟ್ಟು ಭಾರವಾಗಿತ್ತು, ಪುಡಿಯೂ ಅಷ್ಟೇ ಭಾರವಾಗಿತ್ತು, ಮುಳ್ಳು ನಡುವಿಗೆ ಬಂದು ನಿಂತಿತು. ಹದಿನಾಲ್ಕು ಪೊಟ್ಟಣ ಕಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಆ ವಾರವೆಲ್ಲ ನಾನು ಮನೆಮನೆ ತಿರುಗಿದೆ. ಹೊಸ ತಕ್ಕಡಿ ಬಂದ ಮೇಲೆ ಪುಡಿ ತೆಗೆದುಕೊಂಡು ಹೋದ ಮಕ್ಕಳು ಇಪ್ಪತ್ತಮೂರು. ಪ್ರತಿ ಮನೆಯಲ್ಲೂ ನಡೆದದ್ದು ಹೇಳಿ, ಉಳಿದ ಪೊಟ್ಟಣ ವಾಪಸು ಕೇಳಿದೆ. ಒಂದು ಮನೆಯವರು ಬಾಗಿಲು ಹಾಕಿದರು. ಒಂದು ಮನೆಯ ಅಜ್ಜಿ, "ನಮ್ ಹುಡುಗಂದು ಜಂತಿನ್ ಪುಡಿ ಕಣವ್ವ. ಜಂತು ಬಿದ್ವು. ಅವುಕ್ಕೇನ್ ತೂಕ ಗೊತ್ತೇ?" ಎಂದು ಕಾಫಿ ಕೊಟ್ಟಳು. ನಾನೇ ಬರೆದು ಕಳುಹಿಸಿದ ವರದಿಗೆ ಮೇಲಿನಿಂದ ಎಚ್ಚರಿಕೆಯ ಪತ್ರ ಬಂತು. ಕೆಲಸ ಉಳಿಯಿತು. ಹೊಸ ತಕ್ಕಡಿ ಈಗಲೂ ಇದೆ, ದೊಡ್ಡವರ ಮದ್ದಿಗೆ ಚೆನ್ನಾಗಿ ನಡೆಯುತ್ತದೆ.

ಸುಗುಣ ಮೂರು ತಿಂಗಳಲ್ಲಿ ಬೇರೆ ಹುಡುಗಿಯಾಗಲಿಲ್ಲ. ಹಾಗೆಂದು ಬರೆದರೆ ಓದಲು ಚೆನ್ನಾಗಿರುತ್ತದೆ, ನಿಜವಲ್ಲ. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಎರಡನೆಯ ತಿಂಗಳು ಒಂದು ಇಳಿತ ಮೂರೇ ದಿನಕ್ಕೆ ಮುಗಿಯಿತು. ಮೂರನೆಯ ತಿಂಗಳಿನಲ್ಲಿ ಜವರಮ್ಮ ಬಂದು, "ಒಂದ್ ವಾರದಿಂದ ಪೆಟ್ಗೆ ಪೆಟ್ಗೆ ಹಂಗೇ ಅದೆ ಕಣಕ್ಕ" ಎಂದಳು. ಏರು ಬರುತ್ತದೆ, ಆದರೆ ಟ್ಯಾಂಕು ಹತ್ತುವಷ್ಟಲ್ಲ. ಶಾಲೆಗೆ ಹೋಗುತ್ತಾಳೆ. ಹಲ್ಲು ಮುರಿದ ಹುಡುಗಿ ಅವಳ ಪಕ್ಕದಲ್ಲೇ ಕೂರುತ್ತಾಳೆ, ಜಗಳವಾಡುತ್ತಾರೆ, ಸೇರಿಕೊಳ್ಳುತ್ತಾರೆ. ಒಂದು ಸಲ ಸುಗುಣ, ಬಟ್ಟು ಇಡುತ್ತಿದ್ದವಳು, "ಮೊದ್ಲಿನ್ ಹಂಗೆ ಎಲ್ಲಾ ಹೂವಾಗೋದಿತ್ತಲ್ಲ, ಅದು ಬರಲ್ಲ ಈಗ. ಒಂದೊಂದ್ ಸಲ ಬೇಕು ಅನ್ಸ್ತದೆ" ಎಂದಳು. ಡಾಕ್ಟರಿಗೆ ಹೇಳು ಎಂದೆ. ಹೇಳಿದಳಂತೆ. ಅವರು ಅಳತೆಯನ್ನು ಒಂದು ಕೂದಲಿನಷ್ಟು ಇಳಿಸಿದರು. ಅದನ್ನೂ ಅವಳೇ ತೂಗಿದಳು.

ಈಗ ಅವಳಿಗೆ ಹನ್ನೆರಡು. ಆ ವಯಸ್ಸಿಗೆ ನಮ್ಮ ಊರಿನ ಎಲ್ಲ ಮಕ್ಕಳಿಗೂ ಈ ಭಾರ ಹಗುರ ನಿಂತುಹೋಗುತ್ತದೆ. ಸುಗುಣಳಿಗೆ ಹೋದ ತಿಂಗಳು ನಿಂತಿತು. ಡಾಕ್ಟರ್ ಗಾಜಿನ ಗುಂಡು ಎತ್ತಿದರು, ಅದು ಬರೀ ಗಾಜಿನ ಗುಂಡಿನಷ್ಟಿತ್ತು. ಇನ್ನು ಮೇಲೆ ಅವಳು ಹೇಳಿದ್ದನ್ನೇ ನಂಬಬೇಕು ಎಂದು ಜವರಮ್ಮನಿಗೂ ನನಗೂ ಹೇಳಿದರು. ಮುಂದಿನ ಬೇಸಿಗೆಯಲ್ಲಿ ಮದ್ದನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ ನೋಡುವವರಿದ್ದಾರೆ. ಹೋದ ಗುರುವಾರ ನಾನು ಅವಳನ್ನು, "ಹೆಂಗಿದೀಯ?" ಎಂದು ಕೇಳಿದೆ. ಹಿಂದೆ ಹೀಗೆ ಕೇಳಿದರೆ ನೆಲ ನೋಡುತ್ತಿದ್ದಳು. ಸ್ವಲ್ಪ ಯೋಚಿಸಿ, "ಇವತ್ತು ಒಸಿ ಮಬ್ಬು ಅತ್ತೆ. ನಿನ್ನೆ ಚೆನ್ನಾಗಿದ್ದೆ" ಎಂದಳು. ನಾನು ಅದನ್ನು ದಿನಾಂಕ ಹಾಕಿ ಬರೆದುಕೊಂಡೆ.

ಆ ಐದು ತಿಂಗಳಲ್ಲಿ ಅವಳ ಮೈಗೆ ಒಟ್ಟು ಎಷ್ಟು ಮದ್ದು ಹೋಯಿತು, ಅದರಿಂದ ಅವಳೊಳಗೆ ಏನಾದರೂ ಕೆಟ್ಟಿತೇ, ಈಗ ಅವಳು ಇಷ್ಟರ ಮಟ್ಟಿಗೆ ಇರುವುದು ಮದ್ದಿನಿಂದಲೋ, ಬೆಳೆದದ್ದರಿಂದಲೋ, ಮದ್ದು ನಿಂತ ಮೇಲೆ ಹೇಗಿರುತ್ತಾಳೋ, ಇವನ್ನೆಲ್ಲ ಡಾಕ್ಟರನ್ನು ಕೇಳಿದ್ದೇನೆ. ಗೊತ್ತಿಲ್ಲ ಎಂದರು. ನನಗೂ ಗೊತ್ತಿಲ್ಲ.